ಜೀಪಿನ ಕೆಳಗೆ ನಾಲ್ಕು ರವಿವಾರ

ನಾನು ಬಿ.ಎಸ್ಸಿ. ಪದವೀಧರನೆಂಬ ಸಂಗತಿ ನನ್ನ ಸೇವಾ ಪುಸ್ತಕದ ಮೊದಲ ಪುಟದಲ್ಲಿ ಭದ್ರವಾಗಿದೆ. ಅದನ್ನು ಬಿಟ್ಟರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಆ ಪದವಿಗೂ ನನಗೂ ಹೇಳಿಕೊಳ್ಳುವಂಥ ವ್ಯವಹಾರವೇನೂ ನಡೆದಿರಲಿಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುವ ಗುಮಾಸ್ತನಿಗೆ ವಿಸ್ಕಾಸಿಟಿಯಿಂದ ಆಗಬೇಕಾದ್ದೇನು, ಸರ್ಫೇಸ್ ಟೆನ್ಶನ್ನಿನಿಂದ ಹೋಗಬೇಕಾದ್ದೇನು! ಗಾಜಿನ ಜಾಡಿಯ ಹರಳೆಣ್ಣೆಯಲ್ಲಿ ಉಕ್ಕಿನ ಗುಂಡು ಬಿಟ್ಟು ಅದು ಇಳಿಯುವ ವೇಗವನ್ನು ಅಳೆದದ್ದು ಯಾವುದೋ ಜನ್ಮದ ಮಾತಿನಂತೆ ತೋರುತ್ತಿತ್ತು. ಅಂಥ ನನ್ನ ವಿದ್ಯೆ ಕಳೆದ ವರ್ಷ ಸಪ್ಟೆಂಬರಿನಲ್ಲಿ ನಾಲ್ಕು ರವಿವಾರ ಉಪಯೋಗಕ್ಕೆ ಬಂತು. ಬಂದದ್ದು ಎಲ್ಲಿ ಎನ್ನುತ್ತೀರಿ? ಎಂಬತ್ತು ವರ್ಷ ದಾಟಿದ ಒಂದು ಮಿಲಿಟರಿ ಜೀಪಿನ ಕೆಳಗೆ, ಹರಕು ಚಾಪೆಯ ಮೇಲೆ ಅಂಗಾತ ಮಲಗಿದ್ದಾಗ.

ಜೀಪು ನನ್ನದಲ್ಲ. ಗುಮಾಸ್ತನ ಸಂಬಳದಲ್ಲಿ ಅಂಥ ಹುಚ್ಚನ್ನು ಸಾಕಲಾಗದು. ಅದು ನಮ್ಮ ಕಟ್ಟಡದ ಕೆಳಗಿನ ಮನೆಯ ಸುಬೇದಾರ ಕಾಕಾ ಅವರದು. ಸಿಕಂದರಾಬಾದಿನ ದಂಡಿನ ಆಸುಪಾಸಿನಲ್ಲಿ ಕನ್ನಡದ ಮನೆಗಳು ಹುಡುಕಿದರೆ ಸಿಗುತ್ತವೆ. ನಮ್ಮ ಕಟ್ಟಡದ ಇಪ್ಪತ್ತುನಾಲ್ಕು ಮನೆಗಳಲ್ಲಿ ಅಂಥವು ಎರಡೇ. ರಾಯಚೂರು ಕಡೆಯ ನಮ್ಮದೊಂದು, ಗದಗಿನ ಕಡೆಯ ಅವರದೊಂದು. ಕಾಕಾ ೧೯೬೬ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಸೈನ್ಯದ ಇ.ಎಂ.ಇ. ವಿಭಾಗಕ್ಕೆ ಸೇರಿದವರು. ತುಪಾಕಿಯಿಂದ ಹಿಡಿದು ಟ್ಯಾಂಕಿನವರೆಗೆ ಸೈನ್ಯದ ಯಂತ್ರಗಳನ್ನೆಲ್ಲ ದುರಸ್ತಿಯಲ್ಲಿಡುವ ವಿಭಾಗ ಅದು. ತಿರುಮಲಗಿರಿಯಲ್ಲಿ ವಾಹನ ಮೆಕ್ಯಾನಿಕ್ ತರಬೇತಿ ಪಡೆದು, ದೇಶದ ಗಡಿಗಳನ್ನೆಲ್ಲ ಸುತ್ತಿ, ೧೯೯೪ರಲ್ಲಿ ನಿವೃತ್ತರಾಗಿ ಮತ್ತೆ ಇಲ್ಲಿಗೇ ಬಂದು ನೆಲೆಸಿದರು.

ಅವರ ಜೀಪು ವಿಲ್ಲಿಸ್ ಎಂ.ಬಿ., ೧೯೪೩ರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಮೇಲೆ ಸುಮಾರು ಆರು ಲಕ್ಷ ನಲವತ್ತು ಸಾವಿರ ಜೀಪುಗಳನ್ನು ತಯಾರಿಸಿದವು. ನಾಲ್ಕು ಸಿಲಿಂಡರಿನ, ೨.೨ ಲೀಟರಿನ, ಅರವತ್ತು ಅಶ್ವಶಕ್ತಿಯ ಪೆಟ್ರೋಲ್ ಎಂಜಿನು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿದ್ದರು. ಒಬ್ಬರ ಭಾಗ ಇನ್ನೊಬ್ಬರದಕ್ಕೆ ಸರಿಹೋಗುತ್ತಿದ್ದುದರಿಂದ ಕಾಕಾನ ವಿಲ್ಲಿಸಿನಲ್ಲೂ ಅಲ್ಲೊಂದು ಇಲ್ಲೊಂದು 'ಎಫ್' ಬೋಲ್ಟು ನೆಂಟರ ಹಾಗೆ ಬಂದು ಕೂತಿದೆ. ಯುದ್ಧ ಮುಗಿದ ಮೇಲೆ ಇಂಥವೆಷ್ಟೋ ಜೀಪುಗಳು ನಮ್ಮ ದೇಶದಲ್ಲಿ ಹರಾಜಾದವು. ಮಲೆನಾಡಿನ ಕಾಫಿ ತೋಟಗಳ ಕಡಿದಾದ ದಾರಿಗೆ ಅವು ಹೇಳಿ ಮಾಡಿಸಿದ ಗಾಡಿಗಳಾಗಿದ್ದವು. ಈ ಜೀಪೂ ಚಿಕ್ಕಮಗಳೂರು ಕಡೆಯ ತೋಟವೊಂದರಲ್ಲಿ ದುಡಿದು ಕೊನೆಗೆ ಕೊಟ್ಟಿಗೆ ಸೇರಿತ್ತು. ಕಾಕಾ ೧೯೯೬ರಲ್ಲಿ ಅದನ್ನು ಕೊಂಡು ಲಾರಿಯಲ್ಲಿ ಹೇರಿಸಿ ತಂದರು. ಇಂಥ ಗಾಡಿಗಳ ಹೊಟ್ಟೆಗೆ ಡೀಸೆಲ್ ಎಂಜಿನು ತುರುಕಿದವರು ಬಹಳ ಮಂದಿ, ಕಾಕಾ ಒಪ್ಪಲಿಲ್ಲ. ಅದು ಒಳ್ಳೆಯದೇ ಆಯಿತು. ಐವತ್ತು ವರ್ಷ ದಾಟಿದ ಹಾಗೂ ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಕೇಂದ್ರ ಸರಕಾರ ೨೦೨೧ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಾಗ ಕಾಕಾ ೨೦,೦೦೦ ರೂಪಾಯಿ ಕಟ್ಟಿ 'ವಿಎ' ಅಕ್ಷರಗಳ ನಂಬರ್ ಫಲಕ ಹಾಕಿಸಿಕೊಂಡರು. ಅರ್ಜಿಯ ನಮೂನೆ ತುಂಬಿದ್ದು ನಾನೇ. ಅಲ್ಲಿಂದಲೇ ನಮ್ಮ ಸಲಿಗೆ ಬೆಳೆದದ್ದು.

ಇನ್ನು ಸಮಸ್ಯೆಗೆ ಬರೋಣ. ಜೀಪು ಎಣ್ಣೆ ಸೋರಿಸುತ್ತಿತ್ತು. ಮೊದಮೊದಲು ಅಂಗೈಯಗಲದ ಕಲೆ, ಬರಬರುತ್ತ ತಾಟಿನಷ್ಟಗಲ. ಕಟ್ಟಡದ ಕೆಳಗಣ ನೆಲಕ್ಕೆ ಹೊಸದಾಗಿ ಟೈಲ್ಸು ಹಾಕಿಸಿದ್ದರಿಂದ ಕಲೆ ಎಲ್ಲರ ಕಣ್ಣಿಗೂ ಬಿತ್ತು. ಅಷ್ಟೇ ಆಗಿದ್ದರೆ ಕಾಕಾನ ಬಿಳಿಮೀಸೆಯನ್ನು ನೋಡಿಯಾದರೂ ಜನ ಸುಮ್ಮನಿರುತ್ತಿದ್ದರೇನೋ. ಆದರೆ ಆಗಸ್ಟಿನಲ್ಲಿ ಒಂದು ಸಂಜೆ, ಹ್ಯಾಂಡ್ ಬ್ರೇಕು ಎಳೆದು ಇಳಿಜಾರಿನ ಬಾಯಲ್ಲಿ ನಿಲ್ಲಿಸಿದ್ದ ಜೀಪು ತನ್ನಷ್ಟಕ್ಕೆ ತಾನೇ ಎರಡು ಮಾರು ಜಾರಿ ಕಂಬಕ್ಕೆ ಆನಿಕೊಂಡು ನಿಂತಿತು. ಕಂಬಕ್ಕೂ ಜೀಪಿಗೂ ನಡುವೆ ಸಿಕ್ಕಿ ನುಗ್ಗಾದದ್ದು ಮಕ್ಕಳ ಒಂದು ಸಣ್ಣ ಸೈಕಲ್ಲು. ಅದನ್ನು ಅಲ್ಲಿ ಬಿಟ್ಟು ಮಗು ನೀರು ಕುಡಿಯಲು ಮನೆಗೆ ಓಡಿತ್ತು. ದೇವರು ದೊಡ್ಡವನು. ಮರುವಾರವೇ ನಿವಾಸಿಗಳ ಸಭೆ ಕೂಡಿ ಠರಾವು ಪಾಸಾಯಿತು: ಸಪ್ಟೆಂಬರ್ ಮುಗಿಯುವುದರೊಳಗೆ ಜೀಪು ಸರಿಯಾಗಬೇಕು, ಇಲ್ಲವೇ ಆವರಣದಿಂದ ಹೊರಗೆ ಹೋಗಬೇಕು. ಅವರನ್ನು ತಪ್ಪೆನ್ನುವ ಹಾಗಿರಲಿಲ್ಲ. ನನಗೂ ಎಂಟನೆಯ ಇಯತ್ತೆಯ ಮಗಳಿದ್ದಾಳೆ, ಅವಳೂ ಅಲ್ಲೇ ಆಡುತ್ತಾಳೆ.

ಹೊರಗೆ ಎಂದರೆ ಎಲ್ಲಿಗೆ? ಬೆಂಗಳೂರಿನಲ್ಲಿರುವ ಮಗಳು, "ಯಾರಿಗಾದ್ರೂ ಕೊಟ್ಟುಬಿಡ್ರಿ ಅಪ್ಪಾ, ನೀವು ಇಲ್ಲಿಗೇ ಬಂದುಬಿಡ್ರಿ" ಎನ್ನುತ್ತಿದ್ದಳು. ಕಾಕೂ ತೀರಿಕೊಂಡು ಮೂರು ವರ್ಷವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕಾಕಾನ ಕೈಗಳಿಗೆ ನಡುಕ ಬಂದಿತ್ತು. ಒಂದು ಕಾಲಕ್ಕೆ ಹಿಮದಲ್ಲಿ ಕೈಗವಸಿಲ್ಲದೆ ಎಂಜಿನು ಬಿಚ್ಚಿದ ಕೈಗಳು ಈಗ ಚಹದ ಕಪ್ಪು ಹಿಡಿದರೆ ಬಸಿಯಲ್ಲಿ ಅರ್ಧ ಚೆಲ್ಲುತ್ತಿದ್ದವು. ಅವರಾಗಿ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ನಾನೇ ಒಂದು ಸಂಜೆ ಹೋಗಿ, "ಕಾಕಾ, ನೀವು ಹೇಳ್ರಿ, ನಾ ಮಾಡ್ತೀನಿ" ಎಂದೆ. ಅವರು ನನ್ನ ಗುಮಾಸ್ತನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿ, "ಆತು ತಮ್ಮಾ. ಕೈ ನಿನ್ನವು, ಲೆಕ್ಕ ನಂದು" ಎಂದರು.

ಮೊದಲನೆಯ ರವಿವಾರ ನಾನು ಸ್ಪ್ಯಾನರ್ ಪೆಟ್ಟಿಗೆಗೆ ಕೈಹಾಕಿದರೆ ಕಾಕಾ ಮುಟ್ಟಗೊಡಲಿಲ್ಲ. ಕೈಗೆ ಕೊಟ್ಟದ್ದು ಒಂದು ಬ್ರಶ್ಶು, ಒಂದು ಡಬ್ಬಿ ಡೀಸೆಲು ಮತ್ತು ಹಳೆಯ ಧೋತರದ ಅರಿವೆಗಳು. ನಾಲ್ಕೂ ಗಾಲಿಗಳಿಗೆ ಮರದ ತುಂಡು ಕೊಟ್ಟು ಕೆಳಗೆ ತೂರಿದೆ. ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಎಣ್ಣೆ ಕೂತು ಅರ್ಧ ಇಂಚಿನ ಕರಿ ಗಂಜಿ ಗಟ್ಟಿಯಾಗಿತ್ತು. ಅದನ್ನೆಲ್ಲ ಕೆರೆದು ತೊಳೆದು ಒರೆಸುವುದರಲ್ಲಿ ಮಧ್ಯಾಹ್ನವಾಯಿತು. "ಹೊಲಸಿನ್ಯಾಗ ಸೋರೂದು ಕಾಣೂದಿಲ್ಲ. ಎಣ್ಣಿ ಬಿದ್ದ ಜಾಗಾ ನೋಡಬ್ಯಾಡ, ಅದು ಹೊಂಟ ಜಾಗಾ ಹುಡುಕು" ಎಂಬುದು ಕಾಕಾನ ಮೊದಲ ಪಾಠ.

ಇಲ್ಲಿ ನನ್ನ ಬಿ.ಎಸ್ಸಿ. ಕಣ್ಣು ತೆರೆಯಿತು. ಎಣ್ಣೆ ನೀರಿನಂತೆ ಬಂದಲ್ಲೇ ತೊಟ್ಟಿಕ್ಕುವುದಿಲ್ಲ. ಅದರ ಸರ್ಫೇಸ್ ಟೆನ್ಶನ್ ನೀರಿಗಿಂತ ಕಡಿಮೆ; ಲೋಹಕ್ಕೆ ಅಂಟಿಕೊಂಡು ತೆಳ್ಳಗೆ ಹರಡುತ್ತದೆ, ಬಿಗಿಯಾದ ಸಂದುಗಳಲ್ಲಿ ತಾನೇ ಎಳೆದುಕೊಂಡು ತೆವಳುತ್ತದೆ, ಗಾಡಿ ಓಡುವಾಗ ಗಾಳಿಯ ಹೊಡೆತಕ್ಕೆ ಹಿಂದೆ ಹಿಂದೆ ಸರಿಯುತ್ತದೆ, ಕಡೆಗೆ ಎಲ್ಲಕ್ಕಿಂತ ತಗ್ಗಿನ ಬೋಲ್ಟಿನ ತುದಿ ಸಿಕ್ಕಿದಲ್ಲಿ ಹನಿಯಾಗಿ ಬೀಳುತ್ತದೆ. ಆದ್ದರಿಂದ ಹನಿಯ ನೆತ್ತಿಯ ಮೇಲಿನ ಭಾಗವನ್ನು ಬಿಚ್ಚಿದವನು ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾನೆ. ನೋಡಬೇಕಾದ್ದು ಮುಂದಕ್ಕೆ ಮತ್ತು ಮೇಲಕ್ಕೆ.

ತೊಳೆದು ಒಣಗಿದ ಲೋಹದ ಮೇಲೆ ಕಾಕಾ ನನ್ನಿಂದ ಮಗುವಿನ ಟಾಲ್ಕಂ ಪೌಡರು ಉದುರಿಸಿದರು. ಎಂಜಿನನ್ನು ಇಪ್ಪತ್ತು ನಿಮಿಷ ಓಡಿಸಿ, ಕೆಳಗೆ ರಟ್ಟು ಹಾಸಿ ಕಾದೆವು. ಬಿಳಿಯ ಪೌಡರಿನ ಮೇಲೆ ಎಣ್ಣೆಯ ದಾರಿ ಗೆರೆ ಎಳೆದಂತೆ ಮೂಡಿತು. ಬಂದ ಎಣ್ಣೆ ಯಾವುದೆಂದು ಬೆರಳಿಗೆ ಹಚ್ಚಿ, ಮೂಸಿ ತಿಳಿಯಬೇಕು. ಕಪ್ಪಗೆ ತೆಳ್ಳಗಿದ್ದರೆ ಎಂಜಿನಿನದು. ಮಂದವಾಗಿ ಗಂಧಕದ ಗಬ್ಬು ನಾತ ಬಂದರೆ ಗಿಯರಿನದು. ಗಾಲಿಯ ಒಳಮಗ್ಗುಲಲ್ಲಿ ತಿಳಿಯಾದ ತೆಳುದ್ರವ ಕಂಡರೆ ಅದು ಬ್ರೇಕಿನದು, ಆಗ ಗಾಡಿಯನ್ನು ಇದ್ದಲ್ಲಿಂದ ಅಲುಗಿಸಕೂಡದು. ನಮ್ಮ ಪುಣ್ಯಕ್ಕೆ ಆ ಮೂರನೆಯದು ಇರಲಿಲ್ಲ. ಉಳಿದ ಎರಡೂ ಧಾರಾಳವಾಗಿದ್ದವು.

ಅಂದು ಇನ್ನೊಂದು ಸಂಗತಿ ಹೊರಬಿತ್ತು. ಎಂಜಿನಿಗೂ ಗಿಯರ್ ಪೆಟ್ಟಿಗೆಗೂ ನಡುವೆ ಕ್ಲಚ್ಚು ಕೂತಿರುವ ಕವಚದ ತಳದಲ್ಲಿ ಒಂದು ರಂಧ್ರವಿರುತ್ತದೆ. ಯುದ್ಧಭೂಮಿಯಲ್ಲಿ ಆಳವಾದ ಹಳ್ಳ ದಾಟುವಾಗ ಮಾತ್ರ ಅದಕ್ಕೆ ಬಿರಡೆ ತಿರುಗಿಸಿ, ದಾಟಿದ ಮೇಲೆ ತೆಗೆದುಬಿಡಬೇಕು. ಎಂಜಿನಿನ ಹಿಂದಿನಿಂದ ಒಸರುವ ಎಣ್ಣೆ ಕ್ಲಚ್ಚಿಗೆ ತಾಗದೆ ಹೊರಗೆ ಹೋಗಲೆಂದೇ ಆ ರಂಧ್ರ. ಎಂದೋ ಒಮ್ಮೆ ಯಾವುದೋ ಗ್ಯಾರೇಜಿನವರು ಸೋರಿಕೆ ಕಾಣದಿರಲೆಂದು ಅದನ್ನು ಮುಚ್ಚಿ ಕೈತೊಳೆದುಕೊಂಡಿದ್ದರು. ಬಿರಡೆ ಬಿಚ್ಚಿದ್ದೇ ತಡ, ಪಾವಿನಷ್ಟು ಕರಿ ಎಣ್ಣೆ ನನ್ನ ಅಂಗಿಯ ತೋಳಿನ ಮೇಲೆ ಸುರಿಯಿತು. ಏರಿನಲ್ಲಿ ಕ್ಲಚ್ಚು ಜಾರುತ್ತಿದ್ದ ಗುಟ್ಟು ಅದು. ಆದರೆ ಸೋರಿಕೆ ಈಗ ಮೊದಲಿಗಿಂತ ಹೆಚ್ಚಾಗಿ ಕಾಣತೊಡಗಿತು! ರಾತ್ರಿಯೆಲ್ಲ ಇಟ್ಟ ತಗಡಿನ ತಾಟಿನಲ್ಲಿ ಬಿದ್ದದ್ದನ್ನು ಕೆಮ್ಮಿನ ಔಷಧದ ಅಳತೆಯ ಮುಚ್ಚಳದಲ್ಲಿ ಅಳೆದರೆ ೪೫ ಮಿಲಿಲೀಟರು. ನಿವಾಸಿಗಳ ಕಾರ್ಯದರ್ಶಿಗಳು ಬೆಳಗಿನ ವಾಕಿಂಗಿಗೆ ಹೊರಟವರು ತಾಟನ್ನು ನೋಡಿ ಏನೂ ಮಾತಾಡದೆ ಮುಂದೆ ಹೋದರು. ಮಾತಾಡಿದ್ದರೇ ಚೆನ್ನಾಗಿತ್ತು.

ಎರಡನೆಯ ರವಿವಾರ ಕಾಕಾ ಎಣ್ಣೆ ಹಾಕುವ ಕೊಳವೆಯ ಮುಚ್ಚಳ ತೆಗೆಸಿ, ಓಡುತ್ತಿರುವ ಎಂಜಿನಿನ ಆ ಬಾಯಿಗೆ ಅಂಗೈ ಇಡು ಎಂದರು. ಒಳಗಿನಿಂದ ಬಿಸಿಯುಸಿರು ಪುಸು ಪುಸು ಎಂದು ಒತ್ತುತ್ತಿತ್ತು. "ನೋಡಿದೇನು? ಇದಕ್ಕ ಉಸಿರು ಕಟ್ಟೇತಿ, ಅದಕ್ಕ ಬೆವರತೈತಿ" ಎಂದರು. ಸಿಲಿಂಡರುಗಳಲ್ಲಿ ಉರಿದ ಗಾಳಿಯ ಒಂದಂಶ ಪಿಸ್ಟನ್ನಿನ ಬಳೆಗಳನ್ನು ದಾಟಿ ಕೆಳಗೆ, ಎಣ್ಣೆಯಿರುವ ಕೋಣೆಗೆ, ನುಸುಳುತ್ತದೆ. ಹಳೆಯ ಎಂಜಿನಿನಲ್ಲಿ ಇನ್ನಷ್ಟು ಹೆಚ್ಚು. ಅದು ಹೊರಗೆ ಹೋಗಲು ದಾರಿ ಬೇಕು. ಈ ಜೀಪನ್ನು ರೂಪಿಸಿದವರು ಆ ಕಾಲಕ್ಕೇ ಅದಕ್ಕೊಂದು ಒಳ್ಳೆಯ ವ್ಯವಸ್ಥೆ ಮಾಡಿದ್ದಾರೆ. ಎಂಜಿನಿನ ಪಕ್ಕದಿಂದ ಒಂದು ಸಣ್ಣ ಕೊಳವೆ ಹೊರಟು, ಒಂದು ಪುಟ್ಟ ಕವಾಟದ ಮೂಲಕ, ಎಂಜಿನು ಗಾಳಿ ಎಳೆದುಕೊಳ್ಳುವ ದಾರಿಯನ್ನೇ ಸೇರುತ್ತದೆ. ಒಳಗಿನ ಹೊಗೆಯನ್ನು ಎಂಜಿನೇ ಹೀರಿ ಸುಟ್ಟುಬಿಡುತ್ತದೆ. ನಮ್ಮ ಜೀಪಿನ ಆ ಕವಾಟ ಇಂಗಾಲ ಕಟ್ಟಿ ಕಲ್ಲಾಗಿತ್ತು. ಹೊಗೆಗೆ ದಾರಿಯಿಲ್ಲದೆ ಒಳಗೆ ಒತ್ತಡ ಏರಿ, ಎಲ್ಲೆಲ್ಲಿ ಸಂದಿದೆಯೋ ಅಲ್ಲೆಲ್ಲ ಎಣ್ಣೆಯನ್ನು ಹೊರಗೆ ದೂಡುತ್ತಿತ್ತು. ಇಂಥ ಸ್ಥಿತಿಯಲ್ಲಿ ಎಷ್ಟು ಹೊಸ ಪ್ಯಾಕಿಂಗು ಹಾಕಿದರೇನು?

ಕವಾಟವನ್ನು ಬಿಚ್ಚಿ ನೆನೆಹಾಕಿ, ಒಳಗಿನ ಸ್ಪ್ರಿಂಗು ಸಲೀಸಾಗಿ ಆಡುವವರೆಗೆ ಉಜ್ಜಿ, ಕೊಳವೆಯಲ್ಲಿ ತಂತಿ ಆಡಿಸಿ ಜೋಡಿಸಿದೆ. ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುವ ಎಣ್ಣೆ ತಟ್ಟೆಯ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದೆ. ಅದರ ಪ್ಯಾಕಿಂಗು ಬಿರಟೆಯದು. ಬಲ ಹಾಕಿದರೆ ಹಿಂಡಿಹೋಗಿ ಒಡೆಯುತ್ತದೆ. ಅಂದಿನ ರಾತ್ರಿ ತಾಟಿನಲ್ಲಿ ಬಿದ್ದದ್ದು ೨೦ ಮಿಲಿಲೀಟರು. ಒಂದು ರೂಪಾಯಿಯ ಸಾಮಾನು ಕೊಳ್ಳದೆ ಅರ್ಧಕ್ಕಿಂತ ಹೆಚ್ಚು ಸೋರಿಕೆ ನಿಂತಿತ್ತು.

ಉಳಿದದ್ದರಲ್ಲಿ ಅಪಾಯದ್ದು ಗಿಯರ್ ಎಣ್ಣೆ. ಈ ಜೀಪಿನ ಹ್ಯಾಂಡ್ ಬ್ರೇಕು ಇಂದಿನ ಕಾರುಗಳಂತೆ ಹಿಂದಿನ ಗಾಲಿಗಳಿಗೆ ಹಿಡಿಯುವುದಿಲ್ಲ. ಗಿಯರ್ ಪೆಟ್ಟಿಗೆಯ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿದೆ. ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿಯನ್ನು ಹಂಚುವುದು ಅದೇ. ಅದರ ಹಿಂದಿನ ತುದಿಯಲ್ಲಿ ಒಂದು ಡ್ರಮ್ಮು, ಡ್ರಮ್ಮನ್ನು ಹೊರಗಿನಿಂದ ತಬ್ಬಿ ಹಿಡಿಯುವ ಒಂದು ಪಟ್ಟಿ. ಆ ಪಟ್ಟಿಯೇ ಹ್ಯಾಂಡ್ ಬ್ರೇಕು. ಡ್ರಮ್ಮಿನ ಪಕ್ಕದಲ್ಲೇ ಆಯಿಲ್ ಸೀಲು. ಸೀಲು ಸೋತರೆ ಎಣ್ಣೆ ನೇರವಾಗಿ ಬ್ರೇಕಿನ ಮೇಲೆ. ಜೀಪು ಇಳಿಜಾರಿನಲ್ಲಿ ಜಾರಿದ್ದಕ್ಕೆ ಕಾರಣ ಬೇರೆ ಹುಡುಕಬೇಕಾಗಿರಲಿಲ್ಲ.

ಮೂರನೆಯ ರವಿವಾರ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಕಳಚಿ, ಡ್ರಮ್ಮು ತೆಗೆದು, ಯೋಕು ಎಳೆದು, ಸೀಲು ಹೊರತೆಗೆದದ್ದಾಯಿತು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಕೇಡು. ಆದ್ದರಿಂದ ಮೂಗಿಗೆ ಮಾಸ್ಕು ಕಟ್ಟಿ, ಒದ್ದೆ ಅರಿವೆಯಿಂದ ಒರೆಸಬೇಕೇ ಹೊರತು ಊದಬಾರದು. ಎಣ್ಣೆ ಕುಡಿದ ಪಟ್ಟಿಯನ್ನು ತೊಳೆದು ಮತ್ತೆ ಹಾಕೋಣವೇ ಎಂದರೆ ಕಾಕಾ ಗದರಿಸಿದರು: "ಅದು ಬಿಸಿ ಆದ ಕೂಡಲೇ ಒಳಗಿನ ಎಣ್ಣಿ ಮತ್ತ ಹೊರಗ ಬರತೈತಿ. ಮಕ್ಕಳು ಆಡೂ ಜಾಗಾದಾಗ ಉಳತಾಯ ಮಾಡಬ್ಯಾಡ." ಹೊಸ ಲೈನಿಂಗು ಕೂಡಿಸಲು ಕೊಟ್ಟೆವು.

ಸೀಲನ್ನು ಕಿಸೆಯಲ್ಲಿಟ್ಟುಕೊಂಡು ಸೋಮವಾರ ಕಚೇರಿ ಮುಗಿಸಿ ರಾಣಿಗಂಜಿಗೆ ಹೋದೆ. ಸಿಕಂದರಾಬಾದಿನ ರಾಣಿಗಂಜು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೇರಿಂಗು, ಬೆಲ್ಟು, ಬೋಲ್ಟು ಎಂದು ಗಲ್ಲಿಗಲ್ಲಿಯೇ ಲೋಹದ ಸಂತೆ. ಅಂಗಡಿಯ ಮುದುಕರು ಸೀಲನ್ನು ತಿರುಗಿಸಿ ನೋಡಿ, "ಮಿಲಿಟರಿ ಜೀಪ್ ಕಾ ಹೈ ಕ್ಯಾ ಮಿಯಾ?" ಎಂದು ನಕ್ಕರು. ಆಯಿಲ್ ಸೀಲಿಗೆ ಗಾಡಿಯ ಹೆಸರು ಬೇಕಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಅಳತೆ ಸರಿಯಾಗಿದ್ದರೆ ಸಾಕು. ಯುದ್ಧಕಾಲದ ಸೀಲುಗಳು ಚರ್ಮದವು. ಈಗಿನವು ರಬ್ಬರಿನ ತುಟಿಯ ಸುತ್ತ ಸಣ್ಣ ಸ್ಪ್ರಿಂಗಿನವು. ಮಗಳ ಕಂಪಾಸ್ ಪೆಟ್ಟಿಗೆಯ ಪಟ್ಟಿಯನ್ನು ನಂಬದೆ ಕಾಕಾನ ವರ್ನಿಯರ್ ಕ್ಯಾಲಿಪರಿನಿಂದ ಅಳೆದುಕೊಂಡು ಹೋಗಿದ್ದೆ. ಕಾಲೇಜು ಬಿಟ್ಟ ಮೇಲೆ ವರ್ನಿಯರ್ ಓದಿದ್ದು ಅದೇ ಮೊದಲು.

ಹೊಸ ಸೀಲು ತಂದೊಡನೆ ಕೆಲಸ ಮುಗಿಯಲಿಲ್ಲ. ಸೀಲಿನ ತುಟಿ ಉಜ್ಜುವ ಯೋಕಿನ ಮೈಮೇಲೆ ಉಗುರು ಎಳೆಯುವಂತೆ ಕಾಕಾ ಹೇಳಿದರು. ಉಗುರು ಒಂದು ಕಡೆ ಸಿಕ್ಕಿಕೊಂಡಿತು. ಎಷ್ಟೋ ವರ್ಷ ಒಂದೇ ಜಾಗದಲ್ಲಿ ತಿರುಗಿ ತಿರುಗಿ ಮೆತ್ತನೆಯ ತುಟಿ ಉಕ್ಕಿನಲ್ಲಿ ಕಾಲುವೆ ತೋಡಿತ್ತು. ಆ ಕಾಲುವೆಯ ಮೇಲೆ ಎಂಥ ಸೀಲು ಹಾಕಿದರೂ ವಾರದಲ್ಲಿ ಸೋರುವುದೇ. ಅಲ್ಲಿಗೆ ತೆಳುವಾದ ಉಕ್ಕಿನ ಬಳೆಯೊಂದನ್ನು ತೊಡಿಸಿದೆವು. ಸೀಲಿನ ತುಟಿ ಎಣ್ಣೆಯ ಕಡೆಗೆ ಮುಖ ಮಾಡಿರಬೇಕು. ತುಟಿಗೆ ಎಣ್ಣೆ ಸವರಬೇಕು, ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಒಣಗಿ ಸುಡುತ್ತದೆ. ಓರೆಯಾಗದಂತೆ ಮರದ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂಡಿಸಬೇಕು. ಯೋಕಿನ ಒಳಗಣ ಹಲ್ಲುಗಳ ಸಂದಿನಿಂದಲೂ ಎಣ್ಣೆ ತೆವಳಿ ಬರುತ್ತದೆಂದು ಅಲ್ಲಿಯೂ ಸೀಲಿಂಗ್ ಪೇಸ್ಟು ಹಚ್ಚಿದೆವು. ಕೊನೆಗೆ ಎಣ್ಣೆ ತುಂಬುವಾಗ ಪಕ್ಕದ ಅಳತೆ ರಂಧ್ರದ ಕೆಳ ಅಂಚಿಗೆ ಬಂದೊಡನೆ ನಿಲ್ಲಿಸಬೇಕು. ಈ ಜೀಪಿನ ಗಿಯರ್ ಪೆಟ್ಟಿಗೆಯ ಎಣ್ಣೆ ಪಕ್ಕದ ಟ್ರಾನ್ಸ್‌ಫರ್ ಕೇಸಿಗೆ ದಾಟುವುದುಂಟು, ಅದರದು ಇದಕ್ಕೆ ಬರುವುದೂ ಉಂಟು. ಆದ್ದರಿಂದ ಎರಡನ್ನೂ ನೋಡಬೇಕು. ಒಂದು ಕೈ ಹೆಚ್ಚಿರಲಿ ಎಂದು ಸುರಿದರೆ ಅದೂ ಸೋರಿಯೇ ಹೋಗುತ್ತದೆ.

ನಾಲ್ಕನೆಯ ರವಿವಾರದ ಹೊತ್ತಿಗೆ ನನಗೆ ಹುಮ್ಮಸ್ಸು ಬಂದಿತ್ತು. ಕ್ಲಚ್ ಕವಚದ ರಂಧ್ರದಿಂದ ಇನ್ನೂ ಆಗೊಂದು ಈಗೊಂದು ಹನಿ ಬೀಳುತ್ತಿತ್ತು. ಅದನ್ನೂ ನಿಲ್ಲಿಸಿಬಿಡೋಣ ಎಂದೆ. ಕಾಕಾ ತಲೆಯಾಡಿಸಿದರು. ಕ್ರ್ಯಾಂಕ್ ಶಾಫ್ಟಿನ ಹಿಂಬದಿಯಲ್ಲಿ ಹಗ್ಗದಂಥ ಒಂದು ಪ್ಯಾಕಿಂಗು ಎರಡು ತುಂಡಾಗಿ ಕೂತಿರುತ್ತದೆ. ಕೆಳಗಿನ ತುಂಡು ಕೈಗೆ ಸಿಗುತ್ತದೆ. ಮೇಲಿನದನ್ನು ಸರಿಯಾಗಿ ಬದಲಿಸಬೇಕಾದರೆ ಎಂಜಿನು ಇಳಿಸಿ ಶಾಫ್ಟು ಎತ್ತಬೇಕು. "ಇದು ನೋಡು, ಬ್ರೇಕಿಗೆ ಹತ್ತೂದಿಲ್ಲ, ಕ್ಲಚ್ಚಿಗೆ ಹತ್ತೂದಿಲ್ಲ. ಹೋಗಾಕ ದಾರಿ ಐತಿ, ಬೀಳಾಕ ತಾಟು ಐತಿ. ಎಲ್ಲಾನೂ ನಿಲ್ಲಸ್ತೀನಿ ಅಂತ ಎಂಜಿನ್ ಇಳಿಸಿದರ ಅದನ್ನ ಏರಿಸೂ ಕೈ ಎಲ್ಲಿ ತರತೀ?" ಎಂದು ಹೇಳಿ ತಮ್ಮ ಅಂಗೈಗಳನ್ನು ನೋಡಿಕೊಂಡರು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಅಂದಿನ ರಾತ್ರಿಯ ಲೆಕ್ಕ ಏಳು ಹನಿ. ಮಗಳೇ ರಟ್ಟಿನ ಮೇಲೆ ಎಣಿಸಿ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿದಳು. ಕಾರ್ಯದರ್ಶಿಗಳಿಗೆ ನಾನು ಕಚೇರಿಯ ರೂಢಿಯಂತೆ ಒಂದು ಪುಟದ ಟಿಪ್ಪಣಿ ತಯಾರಿಸಿಕೊಟ್ಟೆ: ಮೊದಲು ಎಷ್ಟು, ಈಗ ಎಷ್ಟು, ಏನೇನು ಬದಲಿಸಿದೆ, ಯಾವುದನ್ನು ಏಕೆ ಬಿಟ್ಟಿದೆ. ಅವರು ಟಿಪ್ಪಣಿಯನ್ನು ಬದಿಗಿಟ್ಟು, "ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿ" ಎಂದರು. ನ್ಯಾಯವಾದ ಮಾತು. ಮಕ್ಕಳನ್ನೆಲ್ಲ ಗೇಟಿನಾಚೆ ಕಳಿಸಿ, ಜೀಪನ್ನು ಅದೇ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕೊಂದರ ಮೇಲೆಯೇ ನಿಲ್ಲಿಸಿದೆ. ಕಾರ್ಯದರ್ಶಿಗಳು, ನೆರೆಯ ಇಬ್ಬರು ಯುವಕರು ಹಿಂದಿನಿಂದ ದೂಡಿದರು. ಅರ್ಧ ಗಂಟೆ ಕಾದೆವು. ಅದು ಕೂದಲೆಳೆಯಷ್ಟೂ ಸರಿಯಲಿಲ್ಲ. ಗಾಲಿಗೆ ಮರದ ತುಂಡು, ಕೆಳಗೆ ತಾಟು ಯಾವಾಗಲೂ ಇರಬೇಕೆಂಬ ಷರತ್ತಿನ ಮೇಲೆ ಜೀಪು ಉಳಿಯಿತು. ಸೈಕಲ್ಲು ಮುರಿದ ಮಗುವಿಗೆ ಕಾಕಾ ಹೊಸ ಸೈಕಲ್ಲು ಕೊಡಿಸಿದರು.

ಇ.ಎಂ.ಇ. ವಿಭಾಗ ತನ್ನ ಸ್ಥಾಪನಾ ದಿನವನ್ನು ಆಚರಿಸುವುದು ಅಕ್ಟೋಬರ್ ೧೫ರಂದು. ಸ್ಥಾಪನೆಯ ವರ್ಷವೂ ಜೀಪಿನದೇ, ೧೯೪೩. ಹಳೆಯ ಸಹೋದ್ಯೋಗಿಗಳೆಲ್ಲ ಕೂಡುವಲ್ಲಿ ಜೀಪನ್ನು ಪ್ರದರ್ಶನಕ್ಕೆ ನಿಲ್ಲಿಸಬೇಕೆಂಬುದು ಕಾಕಾನ ಆಸೆಯಾಗಿತ್ತು. ಸ್ಟಿಯರಿಂಗ್ ಎಡಗಡೆಗಿರುವ ಆ ಗಾಡಿಯನ್ನು ಅಂದು ನಡೆಸಿದ್ದು ನಾನು. ಕಾಕಾ ಬಲಗಡೆ, ಮೊದಲೆಲ್ಲ ಕಾಕೂ ಕೂಡುತ್ತಿದ್ದ ಜಾಗದಲ್ಲಿ ಕೂತಿದ್ದರು. ಗಿಯರ್ ಬದಲಿಸುವ ಸದ್ದು ಸರಿಯಾದಾಗಲೆಲ್ಲ ಮಾತಿಲ್ಲದೆ ಮೊಣಕಾಲು ತಟ್ಟಿಕೊಳ್ಳುತ್ತಿದ್ದರು. ಅಲ್ಲಿ ನಿಲ್ಲಿಸಿದ್ದೇ ತಡ, ನಾಲ್ಕಾರು ಮುದುಕ ಸೈನಿಕರು ಸೊಂಟ ಹಿಡಿದುಕೊಂಡು ಬಾಗಿ ನೋಡಿದ್ದು ಬಾನೆಟ್ಟಿನೊಳಗಲ್ಲ, ಗಾಡಿಯ ಕೆಳಗೆ!

ಈ ನಾಲ್ಕು ವಾರ ಕಾಕಾ ಹೇಳಿದ್ದನ್ನೆಲ್ಲ ನಾನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಅವರು ಚಳಿಗಾಲ ಕಳೆದ ಮೇಲೆ ಮಗಳ ಮನೆಗೆ ಹೋಗಿ ಬಂದು ಮಾಡುತ್ತಿದ್ದಾರೆ. ಜೀಪು ಇಲ್ಲೇ ಇದೆ, ಬೀಗದ ಕೈ ನಮ್ಮ ಮನೆಯ ಮೊಳೆಗೆ ತೂಗುತ್ತಿದೆ. ಓದುಗ ಬಂಧುಗಳಲ್ಲಿ ನನ್ನದೊಂದು ಅರಿಕೆ. ಊರಿಗೆ ಹೋದಾಗ ನಿಮ್ಮವರ ಹಿತ್ತಲಿನಲ್ಲೋ ತೋಟದ ಕೊಟ್ಟಿಗೆಯಲ್ಲೋ ಇಂಥದೊಂದು ಹಳೆಯ ಗಾಡಿ ಕಂಡರೆ, ಎಣ್ಣೆ ಸೋರುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ತೂಕಕ್ಕೆ ಹಾಕಬೇಡಿ. ಮೊದಲು ತೊಳೆಯಿರಿ, ಅದು ಉಸಿರಾಡುವ ದಾರಿ ತೆರೆದಿದೆಯೇ ನೋಡಿ, ಬ್ರೇಕಿನ ಹತ್ತಿರದ ಸೀಲನ್ನು ಬದಲಿಸಿ. ಬಸಿದ ಹಳೆಯ ಎಣ್ಣೆಯನ್ನು ಮಾತ್ರ ಮೋರಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ, ಅದನ್ನು ಶುದ್ಧೀಕರಿಸುವ ಪರವಾನಗಿಯುಳ್ಳವರಿಗೆ ತಲುಪಿಸಿ. ಊರಲ್ಲಿ ಇದನ್ನೆಲ್ಲ ಬಲ್ಲ ಹಳಬರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕೈ ನಡುಗುತ್ತಿದ್ದರೆ ನಿಮ್ಮ ಕೈ ಕೊಡಿ, ಮತ್ತು ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.